ಬಿಚ್ಚಿ ನೋಡಬಾರದ ಹೊರೆ

ನಮ್ಮೂರ ದೇವರಿಗೆ ಒಂದು ಕುದುರೆಯಿತ್ತು. ಕಲ್ಲಿನದಲ್ಲ, ಕಟ್ಟಿಗೆಯದೂ ಅಲ್ಲ. ಹುಲ್ಲು ತಿನ್ನುವ, ಲದ್ದಿ ಹಾಕುವ, ನೊಣ ಕೂತಲ್ಲಿ ಚರ್ಮ ಅದುರಿಸುವ ಜೀವಂತ ಕುದುರೆ. ಕೊಟ್ಟೂರಿನಿಂದ ಹರಪನಹಳ್ಳಿಗೆ ಹೋಗುವ ಬಸ್ಸು ಊರ ಬಾಗಿಲಾದ ಅಗಸಿಯ ಮುಂದೆ ನಿಂತಾಗ ಅದು ಗುಡಿಯ ಪಕ್ಕದ ಲಾಯದಿಂದ ಕತ್ತು ಚಾಚಿ ನೋಡುತ್ತಿತ್ತು. ಬೇರೆ ಊರಿನ ಪ್ರಯಾಣಿಕರು ಕಿಟಕಿಯಿಂದಲೇ ಅದಕ್ಕೆ ಕೈಮುಗಿಯುತ್ತಿದ್ದರು.

ಆ ಕುದುರೆಯನ್ನು ದುಡ್ಡು ಕೊಟ್ಟು ತರುವಂತಿರಲಿಲ್ಲ. ಹರಕೆ ಹೊತ್ತವರು ತಂದು ಬಿಡಬೇಕು, ಇಲ್ಲವೇ ದೇವರ ಕುದುರೆಯ ಹೊಟ್ಟೆಯಲ್ಲಿಯೇ ಹುಟ್ಟಬೇಕು. ನಾನು ಕಾಲೇಜು ಮುಗಿಸಿ ಊರಿನ ಶಾಲೆಗೆ ಮಾಸ್ತರನಾಗಿ ಬಂದ ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ಹರಕೆಯವರು ಗುಡಿಗೆ ಗೋಡೆ ಗಡಿಯಾರ ಕೊಡುತ್ತಿದ್ದರು, ಟ್ಯೂಬ್‌ಲೈಟು ಕೊಡುತ್ತಿದ್ದರು. ಕುದುರೆ ಕೊಡುವ ಕಾಲ ಮುಗಿದಿತ್ತು. ಲಾಯದಲ್ಲಿದ್ದದ್ದು ಒಂದೇ ಒಂದು ಕೆಂಚು ಹೆಣ್ಣುಕುದುರೆ. ಅದನ್ನು ನೋಡಿಕೊಳ್ಳುತ್ತಿದ್ದವರು ಕುರಿ ಸಾಕುವ ಮನೆತನದ ಒಬ್ಬ ಹಿರಿಯರು. ಲಾಯದ ಸೇವೆಗೆಂದು ಅವರ ಮನೆಗೆ ಹಿಂದಿನಿಂದ ಒಂದು ತುಂಡು ಮಾನ್ಯದ ಹೊಲ ನಡೆದುಕೊಂಡು ಬಂದಿತ್ತು. ಊರಿನ ಚಿಕ್ಕವರೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದೆವು. ಹಗರಿಬೊಮ್ಮನಹಳ್ಳಿಯ ಜಟಕಾದವನೊಬ್ಬನ ಹತ್ತಿರ ಒಳ್ಳೆಯ ಗಂಡುಕುದುರೆ ಇದೆಯೆಂದು ಕೇಳಿ, ಕಾಕಾ ಆ ಹೆಣ್ಣುಕುದುರೆಯನ್ನು ನಡೆಸಿಕೊಂಡೇ ಹೋಗಿ ಬಂದರು. ಮೊದಲೆರಡು ಸಲ ವ್ಯರ್ಥವಾಯಿತು. ಮೂರನೆಯ ಸಲ ಗಬ್ಬ ನಿಂತಿತು. ಹೋದ ತಲೆಮಾರಿನಿಂದ ಯಾರೂ ಕಾಣದ ಮರಿಯೊಂದು ಲಾಯದಲ್ಲಿ ಹುಟ್ಟಲಿದೆ ಎಂಬ ಸಂತೋಷ ಊರಲ್ಲೆಲ್ಲ ಹರಡಿತು.

ಕುದುರೆಯ ಮೇವಿನದೂ ಒಂದು ಪದ್ಧತಿ. ಸುಗ್ಗಿ ಮುಗಿದ ಮೇಲೆ ಬರುವ ಒಂದು ಭಾನುವಾರ ಮನೆಗೊಂದು ಹೊರೆ ಮೇವು ಲಾಯದ ಅಂಗಳಕ್ಕೆ ಬರುತ್ತಿತ್ತು. ಮೊದಲನೆಯದು ಗೌಡರ ಮನೆಯದು, ಅದೂ ಆ ವರ್ಷದ ಹೊಸ ಹುಲ್ಲೇ ಆಗಿರಬೇಕು. ಆಮೇಲೆ ಉಳಿದ ಮನೆಗಳ ಜೋಳದ ಸೊಪ್ಪೆ, ಶೇಂಗಾ ಹೊಟ್ಟು. ಕಾಕಾ ಪ್ರತಿ ಹೊರೆಯ ಮೇಲೂ ಅರಿಶಿನದ ಭಂಡಾರ ಎರಚಿ, ತಾವೇ ತಲೆಯ ಮೇಲೆ ಹೊತ್ತು ಒಳಗಿನ ಮೇವಿನ ಕೋಣೆಯಲ್ಲಿ ಒಂದರ ಮೇಲೊಂದು ಒಟ್ಟುತ್ತಿದ್ದರು. ಕೊಟ್ಟ ಹೊರೆಯನ್ನು ಬಿಚ್ಚಬಾರದು, ಝಾಡಿಸಬಾರದು, ಮೂಸಿ ನೋಡಬಾರದು. ದೇವರಿಗೆಂದು ಕಟ್ಟಿದ ಕಟ್ಟನ್ನು ಬಿಚ್ಚಿ ನೋಡುವುದೆಂದರೆ ಕೊಟ್ಟ ಮನೆಯನ್ನೇ ಅನುಮಾನಿಸಿದಂತೆ. ಆ ನಿಯಮವನ್ನು ನಾನು ಆಗ ಬಹಳ ಮೆಚ್ಚಿದ್ದೆ. ಒಬ್ಬರ ಹೊರೆ ದೊಡ್ಡದು, ಇನ್ನೊಬ್ಬರದು ಸಣ್ಣದು. ಒಬ್ಬರದು ಹಸನು, ಇನ್ನೊಬ್ಬರದು ಒರಟು. ಅದನ್ನು ಯಾರೂ ಎತ್ತಿ ಆಡದಂತೆ ಹಿರಿಯರು ಕಟ್ಟಿದ ಸಮಾನತೆಯ ಏರ್ಪಾಡು ಇದು ಎಂದು ನಮ್ಮ ಯುವಕ ಸಂಘದ ಸಭೆಯಲ್ಲಿ ಭಾಷಣವನ್ನೂ ಮಾಡಿದ್ದೆ.

ಆ ಸಮಾನತೆ ಕೇರಿಯ ತನಕ ಹೋಗುತ್ತಿರಲಿಲ್ಲ. ಕೇರಿಯ ಹುಲ್ಲು ದೇವರ ಕುದುರೆಗೆ ನಡೆಯುವುದಿಲ್ಲ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಳುವ ಅಗತ್ಯವೇ ಬಿದ್ದಿರಲಿಲ್ಲ.

ಕೇರಿಯಲ್ಲಿ ನನ್ನ ಗೆಳೆಯನೊಬ್ಬನಿದ್ದ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾವಿಬ್ಬರೂ ಜೋಡಿ. ನಾನು ಪರ, ಅವನು ವಿರೋಧ, ಅಥವಾ ಚೀಟಿ ಬಿದ್ದ ಹಾಗೆ ಅದಲುಬದಲು. ಅವನಿಗೆ ಹರಪನಹಳ್ಳಿಯ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನ ಕೆಲಸ ಸಿಕ್ಕಿತ್ತು. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತಿದ್ದ. ಓದುವ ದಿನಗಳಲ್ಲಿಯೇ ಬೌದ್ಧ ಧರ್ಮ ಸ್ವೀಕರಿಸಿದ್ದವನು. ಅವನ ಮನೆಯ ಗೋಡೆಯ ಮೇಲೆ ಬುದ್ಧನ ಪಟವೊಂದನ್ನು ಬಿಟ್ಟರೆ ಬೇರೆ ದೇವರ ಪಟವಿರಲಿಲ್ಲ. ಅವನ ತಾಯಿ ವಿಧವೆ. ಹರೆಯದಲ್ಲಿ ಗುಡ್ಡದ ಒಣಹುಲ್ಲನ್ನು, ಅಂದರೆ ನಮ್ಮ ಕಡೆ ಕರಡ ಎನ್ನುತ್ತೇವಲ್ಲ ಅದನ್ನು, ಕೊಯ್ದು ತಲೆಹೊರೆಯಲ್ಲಿ ಕೊಟ್ಟೂರಿಗೆ ಒಯ್ದು ಸ್ಟೇಷನ್ನಿನ ಜಟಕಾದವರಿಗೆ ಮಾರಿ ಮಗನನ್ನು ಓದಿಸಿದವಳು. ಮಗನಿಗೆ ನೌಕರಿ ಸಿಕ್ಕ ಮೇಲೂ ಕುಡುಗೋಲು ಬಿಟ್ಟಿರಲಿಲ್ಲ. ಲಾಯದ ಮುಂದೆ ಹಾಯುವಾಗಲೆಲ್ಲ ಅವಳು ರಸ್ತೆಯ ಆಚೆ ಬದಿಯಲ್ಲಿ ನಿಂತು ಕುದುರೆಯನ್ನು ಕಣ್ಣಲ್ಲೇ ಸವರಿ ಹೋಗುತ್ತಿದ್ದಳು.

ಆ ವರ್ಷ ಕುದುರೆ ಗಬ್ಬವಾದ ಸುದ್ದಿ ತಿಳಿದ ಮೇಲೆ ಅವಳಿಗೆ ಒಂದೇ ಆಸೆ ಹತ್ತಿತು: ತನ್ನ ಕೈಯಿಂದ ಒಂದು ಹೊರೆ ಕರಡ ಅದಕ್ಕೆ ಹೋಗಬೇಕು. ಮಗನಿಗೆ ಅದು ಸುತರಾಂ ಒಪ್ಪಿಗೆಯಿರಲಿಲ್ಲ. ನಾನು ಅವನ ಮನೆಯ ಜಗುಲಿಯ ಮೇಲೆ ಚಹಾ ಕುಡಿಯುತ್ತ ಕೂತಿದ್ದಾಗಲೇ ಈ ಮಾತು ಬಂತು. ನಮ್ಮನ್ನು ಒಳಗೆ ಬಿಡದ ದೇವರಿಗೆ ನಾವು ಯಾಕೆ ಮೇವು ಹೊರಬೇಕು ಎಂದು ಅವನು ಕೇಳಿದ. ಅವಳು ಒಲೆಯ ಮುಂದಿನಿಂದಲೇ ಉತ್ತರ ಕೊಟ್ಟಳು.

“ದೇವ್ರಿಗಿ ಯಾರು ಕೊಡಾಕ ಹೊಂಟಾರಲೇ? ನಾ ಕೊಡಾದು ಕುದ್ರಿಗಿ. ಬಸುರಿ ಐತಿ ಅದು.”

ಗೆಳೆಯ ನನ್ನ ಮುಖ ನೋಡಿ ನಕ್ಕ. ಇದಕ್ಕೆ ವಿರೋಧಪಕ್ಷದಲ್ಲಿ ಮಾತಾಡುವುದು ಕಷ್ಟ ಎಂಬ ನಗೆ ಅದು.

ಅವಳ ಆಸೆಯನ್ನು ನಾನು ನನ್ನ ಕಾರ್ಯಕ್ರಮವಾಗಿ ತೆಗೆದುಕೊಂಡೆ. ಗುಡಿಯ ಕಟ್ಟೆಯ ಮೇಲೆ ಹಿರಿಯರು ಸೇರಿದ ಸಂಜೆ ನಾನು ಮಾತಾಡಿದ ರೀತಿ ನನಗೆ ಈಗಲೂ ನೆನಪಿದೆ. ಊರಿನ ಎಲ್ಲ ಮನೆಗಳ ಮೇವನ್ನು ದೇವರು ಸ್ವೀಕರಿಸುತ್ತಾನೆ ಎಂಬುದು ನಿಮ್ಮ ಮಾತು. ಕೇರಿಯೂ ಊರಿನದೇ ಎಂಬುದನ್ನು ಮತದಾರರ ಪಟ್ಟಿಯಿಂದ ಕೆರೆ ಹೂಳೆತ್ತುವ ಕೆಲಸದ ತನಕ ನೀವೇ ಒಪ್ಪಿದ್ದೀರಿ. ಹಾಗಿದ್ದ ಮೇಲೆ ಕೇರಿಯ ಮೇವನ್ನು ಬೇಡ ಎನ್ನುವವರು ನೀವೋ, ದೇವರೋ? ಹೀಗೆ ಒಂದರಿಂದ ಒಂದನ್ನು ಕಟ್ಟಿಕೊಂಡು ಹೋದೆ. ಮುಖ ಗಂಟು ಹಾಕಿದವರಿದ್ದರು, ಎದ್ದು ಹೋದವರೂ ಇದ್ದರು. ಗೌಡರು ಮಾತ್ರ ಬಹಳ ಹೊತ್ತು ಅಡಿಕೆ ಕತ್ತರಿಸುತ್ತ ಕೂತಿದ್ದು, ತರಲಿ ಬಿಡಿ, ಎಲ್ಲರದೂ ಆದ ಮೇಲೆ ಕಡೆಯದಾಗಿ ತರಲಿ ಎಂದರು. ಅವರು ಕೆಟ್ಟ ಮನುಷ್ಯರಲ್ಲ. ಜಗಳ ಬೆಳೆಯುವುದು ಅವರಿಗೆ ಬೇಕಿರಲಿಲ್ಲ. ಕಡೆಯದು ಎಂಬ ಮಾತು ನನಗೆ ಚುಚ್ಚಿತಾದರೂ, ದೊರೆತದ್ದನ್ನು ಹಿಡಿದುಕೊಂಡು ಮುಂದಿನದಕ್ಕೆ ಹೋರಾಡಬೇಕು ಎಂದು ಸಮಾಧಾನ ಮಾಡಿಕೊಂಡೆ.

ಮೇವಿನ ಭಾನುವಾರಕ್ಕೆ ಕೆಲವು ದಿನ ಮುಂಚೆ ಅಕಾಲದ ಮಳೆ ಹಿಡಿಯಿತು. ನಮ್ಮೂರ ಕೆರೆಯ ಕೆಳಗೆ ನೆಲ್ಲು ಬೆಳೆಯುತ್ತಿದ್ದುದು ಗೌಡರ ಮನೆಯವರು ಮಾತ್ರ. ಅವರ ಹುಲ್ಲು ಕೊಯ್ದು ಕಣದಲ್ಲಿತ್ತು, ನೆನೆಯಿತು. ಆದರೆ ಮೊದಲ ಹೊರೆ ಹೊಸ ಹುಲ್ಲೇ ಆಗಬೇಕು, ಅದು ಬಾರದೆ ಉಳಿದವರದು ಒಳಗೆ ಹೋಗುವಂತಿಲ್ಲ, ಭಾನುವಾರ ಮುಂದೂಡುವಂತಿಲ್ಲ. ಗೌಡರ ಆಳುಗಳು ಚಕ್ಕಡಿ ತುಂಬ ನೆಲ್ಲುಹುಲ್ಲು ತಂದು ಇಳಿಸಿದರು. ದೊಡ್ಡ ಮನೆ, ದೊಡ್ಡ ಹೊರೆ. ಕಾಕಾ ಭಂಡಾರ ಎರಚಿ, ಕಟ್ಟುಗಳನ್ನು ಒಂದೊಂದಾಗಿ ಹೊತ್ತು ಒಳಗೆ ಇಟ್ಟು ಬಂದರು. ಬಂದವರು ಟವೆಲಿನಿಂದ ಕುತ್ತಿಗೆ ಒರೆಸಿಕೊಂಡರು. ಚಳಿಯ ಬೆಳಗಿನಲ್ಲಿ ಇವರಿಗೆ ಇಷ್ಟು ಬೆವರೇ ಎಂದು ನಾನು ಅಂದುಕೊಂಡೆ. ಅಷ್ಟೇ ಅಂದುಕೊಂಡೆ.

ಎಲ್ಲರದೂ ಆದ ಮೇಲೆ ಅವಳು ಬಂದಳು. ಮಳೆಗೆ ಮೊದಲೇ ಕೊಯ್ದು, ಮನೆಯ ಸೂರಿನೊಳಗೆ ಗಾಳಿಗೆ ಹರವಿ ಇಟ್ಟಿದ್ದ ಕರಡ. ಅದರದೇ ಎಳೆಗಳನ್ನು ಹೊಸೆದು ಮಾಡಿದ ಕಟ್ಟು. ಅಂಗಳದ ಅಂಚಿನಲ್ಲಿ ಇಳಿಸಿ ಹಿಂದೆ ಸರಿದು ನಿಂತಳು. ಕಾಕಾ ಒಂದು ಕ್ಷಣ ಗೌಡರ ಕಡೆ ನೋಡಿ, ಭಂಡಾರ ಎರಚಿ, ಹೊರೆಯನ್ನು ತಲೆಯ ಮೇಲೆ ಎತ್ತಿಕೊಂಡರು. ಅದು ಎಲ್ಲದರ ಮೇಲಕ್ಕೆ ಹೋಗಿ ಕೂತಿತು. ಅವಳು ಹಿಂದಿರುಗುವಾಗ ರಸ್ತೆಯ ಆಚೆ ಬದಿಗೆ ಹೋಗದೆ ಲಾಯದ ಗೋಡೆಯ ಪಕ್ಕದಲ್ಲಿಯೇ ನಡೆದು ಹೋದಳು.

ಮೇಲಿದ್ದದ್ದು ಮೊದಲು ಖರ್ಚಾಯಿತು. ಅವಳ ಕರಡ ಚಳಿಗಾಲ ಮುಗಿಯುವ ಮೊದಲೇ ತೀರಿತು. ಆ ದಿನಗಳಲ್ಲಿ ಕುದುರೆಯ ಮೈ ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು. ಆಮೇಲೆ ಸೊಪ್ಪೆ, ಹೊಟ್ಟು. ಬೇಸಿಗೆ ಏರುತ್ತ ಹೋದಂತೆ ಅಡಿಯ ಹೊರೆಗಳು ಉಳಿದವು. ಮುಂದಿನದನ್ನು ಕಾಕಾ ನನಗೆ ಬಹಳ ದಿನಗಳ ನಂತರ, ಒಂದೊಂದೇ ಮಾತಾಗಿ ಹೇಳಿದರು. ನೆಲ್ಲುಹುಲ್ಲಿನ ಮೊದಲ ಕಟ್ಟು ಎಳೆದಾಗಲೇ ಬೂದಿಯಂಥ ದೂಳು ಎದ್ದಿತಂತೆ, ನೆನೆದ ಗೋಣಿಚೀಲದ ವಾಸನೆ ಬಂತಂತೆ. ಕುದುರೆ ಮೂಸಿ, ಸೀನಿ, ಮುಖ ತಿರುಗಿಸಿತಂತೆ. ದೇವರ ಮೇವನ್ನು ಹೊರಗೆ ಚೆಲ್ಲುವ ಅಧಿಕಾರ ಅವರಿಗಿರಲಿಲ್ಲ. ಚೆಲ್ಲಿದರೆ ಯಾರ ಮನೆಯದು ಎಂಬ ಪ್ರಶ್ನೆ ಏಳುತ್ತದೆ, ನೆಲ್ಲುಹುಲ್ಲು ಎಂದ ಮೇಲೆ ಉತ್ತರ ಒಂದೇ. ಹಾಗಾಗಿ ಅವರು ಅದರ ಮೇಲೆ ಇನ್ನಷ್ಟು ಭಂಡಾರ ಎರಚಿ ಗೋದಲಿಗೆ ಹಾಕಿದರು. ಹಳದಿಯ ಕೆಳಗೆ ಬೂಷ್ಟು ಕಾಣದಾಯಿತು. ಹಸಿದ ಕುದುರೆ ಕೊನೆಗೆ ತಿಂದಿತು.

ಕೆಮ್ಮು ಶುರುವಾಯಿತು. ದಿನ ತುಂಬಲು ಇನ್ನೂ ಬಹಳ ಇರುವಾಗಲೇ ಕೆಚ್ಚಲು ಇಳಿದು ಹಾಲು ತೊಟ್ಟಿಕ್ಕತೊಡಗಿತು. ಅದನ್ನು ನೋಡಿ ಊರಿನವರು ಸಂಭ್ರಮಪಟ್ಟರು, ದೇವರ ಕುದುರೆಗೆ ಹಾಲು ಉಕ್ಕುತ್ತಿದೆ ಎಂದು ತೋರಿಸಲು ನೆಂಟರನ್ನು ಕರೆತಂದರು. ನಾನೂ ಶಾಲೆಯ ಹುಡುಗರನ್ನು ಸಾಲಾಗಿ ಕರೆದೊಯ್ದು ತೋರಿಸಿದೆ. ಅದು ಶುಭಸೂಚನೆಯಲ್ಲ, ಒಡಲು ಕೊಡುವ ಎಚ್ಚರಿಕೆ ಎಂದು ತಿಳಿದವರು ನಮ್ಮಲ್ಲಿ ಯಾರೂ ಇರಲಿಲ್ಲ.

ಒಂದು ಬೆಳಿಗ್ಗೆ ಕುದುರೆ ಕಂದು ಹಾಕಿತ್ತು. ನಾನು ಹೋಗುವಷ್ಟರಲ್ಲಿ ಕಾಕಾ ಮರಿಯನ್ನು ತಮ್ಮ ಕಂಬಳಿಯ ಮೇಲೆ ಮಲಗಿಸಿದ್ದರು. ಕಿವಿ ಮೂಡಿದ್ದವು. ಗೊರಸು ಮೂಡಿದ್ದವು, ಇನ್ನೂ ನೆಲ ಮುಟ್ಟದ ಮೆತ್ತನೆಯ ಗೊರಸು. ತಾಯಿಯಂತೆಯೇ ಕೆಂಚು ಕೂದಲು ತೆಳ್ಳಗೆ ಬಂದಿತ್ತು. ಕುದುರೆ ಅದನ್ನು ಮತ್ತೆ ಮತ್ತೆ ಮೂತಿಯಿಂದ ನೂಕುತ್ತಿತ್ತು. ಗುಡಿಯ ಹಿಂದೆ ಮರಿಯನ್ನು ಹೂಳಿದರು. ಮಾಸನ್ನು ಮಾತ್ರ, ಕುದುರೆ ಮುಂದಾದರೂ ಹಾಲು ಕಾಣಲಿ ಎಂದು, ದನ ಈದಾಗ ಮಾಡುವಂತೆ ಹುಲ್ಲಿನಲ್ಲಿ ಸುತ್ತಿ ಊರಾಚೆಯ ಆಲದ ಮರಕ್ಕೆ ಕಟ್ಟಿದರು.

ಮಧ್ಯಾಹ್ನದೊಳಗೆ ಕಾರಣ ಸಿದ್ಧವಾಗಿತ್ತು. ಎಂದೂ ಇಲ್ಲದ ಹುಲ್ಲು ಈ ವರ್ಷ ಲಾಯಕ್ಕೆ ಬಂತು. ಎಂದೂ ಆಗದ್ದು ಈ ವರ್ಷ ಆಯಿತು. ಯಾರೂ ಕೇರಿಗೆ ಹೋಗಿ ಕೂಗಾಡಲಿಲ್ಲ. ಬಾವಿಯ ಹತ್ತಿರ, ಅಂಗಡಿಯ ಮುಂದೆ, ಬಸ್ಸು ಕಾಯುವಲ್ಲಿ ಅವಳು ಬಂದ ಕೂಡಲೇ ಮಾತು ನಿಲ್ಲುತ್ತಿತ್ತು, ಅವಳು ಹೋದ ಮೇಲೆ ಮುಂದುವರಿಯುತ್ತಿತ್ತು. ಆ ಕರಡ ತಿಂದು ತೀರಿ ತಿಂಗಳುಗಳೇ ಆಗಿವೆ ಎಂದು ನಾನು ಹೇಳಿದರೆ, ಮೈಲಿಗೆಗೆ ತಿಂಗಳ ಲೆಕ್ಕವಿದೆಯೇ ಎಂದು ನಗುತ್ತಿದ್ದರು.

ಆ ಸಂಜೆ ಗೆಳೆಯನ ಮನೆಗೆ ಹೋದೆ. ಅವನು ಸಿಟ್ಟಿನಲ್ಲಿದ್ದ, ನನ್ನ ಮೇಲೋ, ಊರಿನ ಮೇಲೋ, ತಾಯಿಯ ಮೇಲೋ ಅವನಿಗೂ ತಿಳಿದಿರಲಿಕ್ಕಿಲ್ಲ. ಅವಳು ಗೋಡೆಗೆ ಒರಗಿ ಕೂತಿದ್ದಳು. ನಾನು ಏನೇನೋ ಸಮಾಧಾನ ಹೇಳಿದೆ. ಅವಳು ಅದನ್ನೆಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದಳು.

“ಖರೆ ಹೇಳು ಯಪ್ಪಾ. ನನ್ನ ಹುಲ್ಲಿಂದ ಆತೇನು?”

ಊರು ಅವಳನ್ನು ದೂರುವುದು ನನಗೆ ಗೊತ್ತಿತ್ತು. ಅವಳು ತನ್ನನ್ನೇ ದೂರಿಕೊಳ್ಳುತ್ತಿರಬಹುದು ಎಂಬುದು ಹೊಳೆದಿರಲಿಲ್ಲ. ಅಲ್ಲ ಎಂದು ಆ ಕ್ಷಣವೇ ಹೇಳಿದೆ. ಆದರೆ ಅದು ಸಮಾಧಾನದ ಮಾತು, ತಿಳಿದವನ ಮಾತಲ್ಲ ಎಂಬುದನ್ನು ಅವಳು ನನ್ನ ದನಿಯಲ್ಲಿಯೇ ಗುರುತಿಸಿದಳು.

ಮರುದಿನ ಮೊದಲ ಬಸ್ಸಿಗೆ ಕೊಟ್ಟೂರಿಗೆ ಹೋಗಿ ದನದ ದವಾಖಾನೆಯ ಡಾಕ್ಟರನ್ನು ಕರೆತಂದೆ. ಕುಡ್ಲಿಗಿ ಕಡೆಯಿಂದ ಹೊಸದಾಗಿ ವರ್ಗವಾಗಿ ಬಂದಿದ್ದ, ಮಾತು ಕಡಿಮೆಯ ಮನುಷ್ಯರು. ಮೊದಲು ಕುದುರೆಯನ್ನು ನೋಡಿದರು. ಆಮೇಲೆ ಆಲದ ಮರದಿಂದ ಮಾಸಿನ ಗಂಟು ಇಳಿಸಲು ಹೇಳಿದರು. ಕಾಕಾ ಹಿಂಜರಿದಾಗ, ಇನ್ನೊಂದು ಮರಿ ಬೇಕೋ ಬೇಡವೋ ಎಂದಷ್ಟೇ ಕೇಳಿದರು. ಮಾಸು ಕೆಲವೆಡೆ ಹದ ಮಾಡಿದ ತೊಗಲಿನಂತೆ ದಪ್ಪಗಾಗಿತ್ತು. ಕಡೆಗೆ ಮೇವಿನ ಕೋಣೆಗೆ ಹೋಗಿ ಉಳಿದ ನೆಲ್ಲುಹುಲ್ಲಿನ ಒಡಲೊಳಗೆ ಮೊಣಕೈ ತನಕ ಕೈ ಹಾಕಿ ಒಂದು ಹಿಡಿ ಹಿರಿದರು. ಮೇಲೆ ಹಳದಿ; ಒಳಗೆ ಕಪ್ಪು, ಬೂದು ಬಣ್ಣದ ಚುಕ್ಕೆಗಳು, ಎಳೆಗೆ ಎಳೆ ಅಂಟಿಕೊಂಡಿದ್ದವು.

ಹೊರಗೆ ಬಂದು ಕೈ ತೊಳೆಯುತ್ತ ಅವರು ವಿವರಿಸಿದರು. ಬೂಷ್ಟು ಹಿಡಿದ ಹುಲ್ಲನ್ನು ದನ ಒಂದು ವೇಳೆ ತಡೆದುಕೊಂಡರೂ ಕುದುರೆ ತಡೆಯುವುದಿಲ್ಲ; ಗಬ್ಬದ ಕುದುರೆಯಂತೂ ತಡೆಯುವುದೇ ಇಲ್ಲ. ಉಸಿರಿನಿಂದಲೂ ಮೇವಿನಿಂದಲೂ ಆ ಬೂಷ್ಟು ಒಳಗೆ ಹೋಗಿ ಮರಿಗೆ ಆಹಾರ ಮುಟ್ಟಿಸುವ ಮಾಸನ್ನೇ ಕೆಡಿಸಬಹುದು. ಪ್ರಯೋಗಶಾಲೆಗೆ ಕಳಿಸದೆ ನೂರಕ್ಕೆ ನೂರು ಹೇಳಲು ಬರುವುದಿಲ್ಲ, ಆದರೆ ಕಣ್ಣಿಗೆ ಕಾಣುವ ಕಾರಣ ಇದು. ಹುಲ್ಲು ಒದ್ದೆಯಿರುವಾಗ ಒಟ್ಟಬಾರದು, ಹಾಕುವ ಮುಂಚೆ ಬಿಚ್ಚಿ ಝಾಡಿಸಬೇಕು, ವಾಸನೆ ಬಂದದ್ದನ್ನು ಸುಡಬೇಕು. ಇಷ್ಟು ಹೇಳಿ ಅವರು ಮಧ್ಯಾಹ್ನದ ಬಸ್ಸು ಹತ್ತಿದರು.

ಅವಳಿಗೆ ಕೊಡಬೇಕಾದ ಉತ್ತರ ನನ್ನ ಕೈಯಲ್ಲಿತ್ತು. ಅದನ್ನು ಕೇರಿಯ ಜಗುಲಿಯಲ್ಲಿ ಹೇಳಿದರೆ ಸಾಲದು, ಕಟ್ಟೆಯ ಮೇಲೆ ಹೇಳಬೇಕು ಎಂದುಕೊಂಡೆ. ಹಿರಿಯರು ಮತ್ತೆ ಸೇರಿದರು. ಗೌಡರೂ ಇದ್ದರು, ಕಾಕಾನೂ ಇದ್ದರು. ಗೆಳೆಯ ಕಟ್ಟೆಯ ಕೆಳಗೆ, ಸೈಕಲ್ಲಿಗೆ ಒರಗಿ ನಿಂತಿದ್ದ. ನಾನು ಡಾಕ್ಟರು ಹೇಳಿದ್ದನ್ನು ಹೇಳಿದೆ. ಯಾವ ಹುಲ್ಲು ಎಂದು ಮಾತ್ರ ನಾನಾಗಿ ಹೇಳಲಿಲ್ಲ. ಸಾಕ್ಷಿಯ ಬಾಯಿಂದಲೇ ಬರಲಿ ಎಂಬುದು ಚರ್ಚೆಯಲ್ಲಿ ಪಳಗಿದವನ ಲೆಕ್ಕಾಚಾರ. ಈ ಹಿಂದಿನ ವಾರಗಳಲ್ಲಿ ಕುದುರೆ ತಿಂದದ್ದು ಯಾವ ಮೇವು ಎಂದು ಕಾಕಾನನ್ನು ಕೇಳಿದೆ. ಅವರು ನೆಲ ನೋಡುತ್ತ ಕೂತರು.

“ದೇವ್ರ ಮೇವು ತಿಂದೈತ್ರಿ” ಎಂದರು ಕಡೆಗೆ.

ಇನ್ನೊಮ್ಮೆ ಕೇಳಿದೆ. ಅದೇ ಉತ್ತರ. ಮೂರನೆಯ ಸಲ ಕೇಳುವ ಮುಂಚೆ ಗೌಡರು ಕೈ ಎತ್ತಿದರು. ಅವರ ಮುಖದಲ್ಲಿ ಕೋಪವಿರಲಿಲ್ಲ, ದಣಿವಿತ್ತು. “ಇರ್ಲಿ ಬಿಡ್ರಿ. ಮೇಷ್ಟ್ರು ಹೇಳಾದು ಖರೆ ಐತಿ. ಇನ್ನ ಮ್ಯಾಗ ಹುಲ್ಲು ಬಿಚ್ಚಿ ನೋಡಿ ತಗಳ್ರಿ. ಹಳೇದೆಲ್ಲ ಸುಟ್ಟುಬಿಡ್ರಿ” ಎಂದರು.

ತಲೆತಲಾಂತರದಿಂದ ಬಂದ ನಿಯಮವೊಂದು ಒಂದು ಸಂಜೆಯ ವಾದದಿಂದ ಬದಲಾಯಿತು. ಗಬ್ಬದ ಕುದುರೆಗೆ ಇನ್ನು ಕೆಟ್ಟ ಮೇವು ಬೀಳುವುದಿಲ್ಲ. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಕೇರಿಯ ದಾರಿಯಲ್ಲಿ ಗೆಳೆಯ ಸೈಕಲ್ಲು ನೂಕಿಕೊಂಡು ಪಕ್ಕದಲ್ಲಿ ಬರುತ್ತಿದ್ದ.

“ಗೆದ್ದಿ ಬಿಡಪಾ” ಎಂದ. “ಆದ್ರ ನಮ್ಮವ್ವನ ಹುಲ್ಲಲ್ಲ ಅಂತ ಒಬ್ಬರರ ಅಂದ್ರೇನು?”

ಯಾರೂ ಅಂದಿರಲಿಲ್ಲ. ಕಾಕಾ ಹೇಳಲಿಲ್ಲ, ಗೌಡರು ಹೇಳಲಿಲ್ಲ, ಅವರ ಬಾಯಿಂದ ಬರಲಿ ಎಂದು ಕಾದು ನಾನೂ ಹೇಳಲಿಲ್ಲ. ಅವಳಿಗೆ ಎಲ್ಲವನ್ನೂ ವಿವರವಾಗಿ ತಿಳಿಸಿದೆ. ಅವಳ ಹುಲ್ಲಲ್ಲ ಎಂಬುದನ್ನು ಈ ಸಲ ಅವಳು ನಂಬಿದಳು. ಉಸಿರು ಬಿಟ್ಟ ರೀತಿಯಲ್ಲಿಯೇ ನನಗೆ ತಿಳಿಯಿತು. ಮುಂದಿನ ಸುಗ್ಗಿಗೂ ತರಬೇಕು, ಈಗ ಯಾರೂ ಒಂದು ಮಾತು ಆಡುವಂತಿಲ್ಲ ಎಂದು ನಾನು ಒತ್ತಾಯ ಮಾಡಿದೆ. ಕುದುರೆ ಮತ್ತೆ ಗಬ್ಬವಾದರೆ ತರುವೆ ಎಂದಳು.

ಮಳೆಗಾಲದಲ್ಲಿ ಕಾಕಾ ಮತ್ತೆ ಹಗರಿಬೊಮ್ಮನಹಳ್ಳಿಗೆ ನಡೆದರು. ಈ ಸಲ ಒಂದೇ ಸಲಕ್ಕೆ ನಿಂತಿತು.

ಸುಗ್ಗಿಯ ನಂತರದ ಭಾನುವಾರ ಅಂಗಳ ಮತ್ತೆ ತುಂಬಿತು. ಹೊಸ ನಿಯಮದಂತೆ ಮೇವು ನೋಡಲು ಊರಿನ ಇಬ್ಬರನ್ನು ನಿಲ್ಲಿಸಿದ್ದರು. ಗೌಡರ ಮನೆಯ ಚಕ್ಕಡಿ ಮೊದಲು ಬಂತು. ಅವರ ಕಣದಲ್ಲಿ ಆ ವರ್ಷ ನೆಲ್ಲುಹುಲ್ಲು ಬಿಸಿಲಿಗೆ ಹರವಿ ದಿನಗಟ್ಟಲೆ ಬಿದ್ದಿದ್ದನ್ನು ನಾನು ನೋಡಿದ್ದೆ. ಆಳುಗಳು ಅದನ್ನು ಮಗುಚಿ ಹಾಕುವಾಗ ಗೌಡರು ತಾವೇ ಬದುವಿನ ಮೇಲೆ ನಿಂತಿರುತ್ತಿದ್ದರು. ಬಾಯಲ್ಲಿ ಹೇಳಲಾರದ್ದನ್ನು ಅವರು ಹಾಗೆ ಒಪ್ಪಿಕೊಂಡಿದ್ದರು. ಈಗ ಹೊರೆ ಮುಟ್ಟಿದರೆ ಸರಸರ ಎನ್ನುತ್ತಿತ್ತು. ನೋಡುವವರಲ್ಲಿ ಒಬ್ಬ ಕಟ್ಟಿನ ಮೇಲೆ ಅಂಗೈ ಊರಿ ತಲೆಯಾಡಿಸಿದ. ಒಳಗೆ ಹೋಯಿತು. ಆಮೇಲಿನವುಗಳಿಗೂ ಅಷ್ಟೇ, ಒಂದಕ್ಕೆ ಅಂಗೈ, ಇನ್ನೊಂದಕ್ಕೆ ಬರೀ ನೋಟ. ಒಂದು ಕಟ್ಟನ್ನೂ ಬಿಚ್ಚಲಿಲ್ಲ. ಗುರುತಿನ ಮನೆಗಳ ಹೊರೆ ಬಿಚ್ಚುವುದಕ್ಕೆ ಅವರಿಗೆ ಸಂಕೋಚ. ಹಳೆಯ ನಿಯಮದ ಮರ್ಯಾದೆ ಹೊಸ ನಿಯಮದೊಳಗೂ ಉಳಿದುಕೊಂಡಿತ್ತು.

ಕಡೆಗೆ ಅವಳು ಬಂದು ಹೊರೆ ಇಳಿಸಿ ನಿಂತಳು. ನೋಡುವವರು ಅದರ ಕಟ್ಟನ್ನು ಕುಡುಗೋಲಿನಿಂದ ಕೊಯ್ದರು. ಅಂಗಳದ ಮಣ್ಣಿನ ಮೇಲೆ ಕರಡವನ್ನು ಹರವಿದರು, ಕೈಯಿಂದಲ್ಲ, ಕೋಲಿನಿಂದ. ಮಗುಚಿದರು, ಕೆದಕಿದರು, ಎಲ್ಲೂ ತಪ್ಪಬಾರದೆಂದು ಒಬ್ಬ ಚಪ್ಪಲಿಗಾಲಲ್ಲಿ ನಡುವೆ ನಿಂತು ಎರಡೂ ಬದಿಗೆ ಚೆದುರಿಸಿದ. ಸಿಕ್ಕಿದ್ದು ಚಿನ್ನದ ಬಣ್ಣದ ಒಣಹುಲ್ಲು ಮಾತ್ರ. ಚಲೋ ಇದೆ, ಒಳಗೆ ಒಯ್ಯಿರಿ ಎಂದರು.

ಉಳಿದ ಹೊರೆಗಳನ್ನೂ ಹೀಗೆಯೇ ಬಿಚ್ಚಬೇಕು ಎಂದು ನಾನು ಮುಂದೆ ನುಗ್ಗಿದೆ. ಕೋಲು ಹಿಡಿದಿದ್ದವನು ಸುತ್ತ ನಿಂತವರ ಕಡೆ ಕಣ್ಣು ಮಿಟುಕಿಸಿದ.

“ಬಿಚ್ಚಿ ನೋಡ್ರಿ ಅಂತ ಹೇಳಿದಾವ್ರು ನೀವಽ ಅಲ್ಲೇನ್ರಿ ಮೇಷ್ಟ್ರೇ? ನೋಡಿದ್ರೂ ತಪ್ಪಂದ್ರ ಹೆಂಗ್ರಿ?”

ಅಂಗಳದಲ್ಲಿ ನಗೆ ಎದ್ದಿತು. ಗೌಡರು ನಗಲಿಲ್ಲ, ಎದ್ದು ಗುಡಿಯ ಒಳಗೆ ಹೋದರು. ನನ್ನ ಬಾಯಿಯಲ್ಲಿ ಉತ್ತರಗಳ ಸಾಲೇ ಇತ್ತು. ಅಷ್ಟರಲ್ಲಿ ಅವಳು ಕುಕ್ಕರುಗಾಲಲ್ಲಿ ಕೂತು ಚೆದುರಿದ ಹುಲ್ಲನ್ನು ಕೂಡಿಸತೊಡಗಿದಳು. ಕಾಕಾ ಭಂಡಾರದ ಬಟ್ಟಲು ಹಿಡಿದು ಬಂದು, ಹಾಗೆಯೇ ಬಿಡವ್ವ, ನಾನೇ ಕಟ್ಟಿ ಒಯ್ಯುತ್ತೇನೆ ಎಂದರು.

“ಬ್ಯಾಡ್ರಿ” ಎಂದಳು ಅವಳು, ತಲೆ ಎತ್ತದೆ. “ತುಳದದ್ದು ಇದು, ಮಣ್ಣು ಕೂಡೈತಿ. ಗಬ್ಬದ ಕುದ್ರಿಗಿ ಇಂಥದ್ದು ಹಾಕಬಾರ್ದು.”

ನಾನು ಬಾಗಿ ಎರಡು ಹಿಡಿ ಹುಲ್ಲು ಕೂಡಿಸಿ ಕೊಡಹೋದೆ. ಸಾಕು ಯಪ್ಪಾ, ನನ್ನ ಹುಲ್ಲು ನಾನೇ ಕಟ್ಟಿಕೊಳ್ಳುತ್ತೇನೆ ಎಂದಳು, ದನಿಯಲ್ಲಿ ಮುನಿಸಿರಲಿಲ್ಲ. ಕೊಯ್ದ ಕಟ್ಟಿನ ಬದಲು ಸೆರಗಿನ ತುದಿಗೆ ಸಿಕ್ಕಿಸಿಕೊಂಡಿದ್ದ ಹಗ್ಗದಿಂದ ಬಿಗಿದು, ಹೊರೆಯನ್ನು ತಲೆಗೇರಿಸಿಕೊಂಡು ಹೊರಟಳು. ಲಾಯದ ಕಿಂಡಿಯಿಂದ ಕುದುರೆ ಕತ್ತು ಚಾಚಿ ಆ ಹುಲ್ಲಿಗೆ ಮೂತಿ ಹಾಕಲು ನೋಡಿತು. ಅವಳು ತಲೆಯನ್ನು ಇನ್ನೊಂದು ಬದಿಗೆ ವಾಲಿಸಿ ಹೊರೆಯನ್ನು ದೂರ ಹಿಡಿದು ದಾಟಿದಳು.

ಮುಂದಿನ ಮಳೆಗಾಲದ ಹೊತ್ತಿಗೆ ಕುದುರೆ ಈದಿತು. ಹೆಣ್ಣುಮರಿ, ದಿನ ತುಂಬಿ ಬಂದದ್ದು, ಬಹುಬೇಗ ನಡುಗುವ ಕಾಲುಗಳ ಮೇಲೆ ಎದ್ದು ನಿಂತಿತು. ಮೇವಿನ ವಿಷಯದಲ್ಲಿ ನಾನು ಹೇಳಿದ್ದೆಲ್ಲ ಸರಿಯೆಂದು ಊರು ಒಪ್ಪಿತು. ಆ ಗೆಲುವನ್ನು ಯಾರೆದುರು ಹೇಳಿಕೊಳ್ಳಬೇಕೆಂದು ನನಗಿತ್ತೋ ಅವರು ಊರಲ್ಲಿರಲಿಲ್ಲ. ಗೆಳೆಯ ಹೂವಿನಹಡಗಲಿಗೆ ವರ್ಗ ಮಾಡಿಸಿಕೊಂಡು ತಾಯಿಯನ್ನೂ ಕರೆದೊಯ್ದಿದ್ದ. ವರ್ಗ ತಾನಾಗಿ ಬಂತೆಂದು ನನಗೆ ಹೇಳಿದ. ನಾನೂ ಹಾಗೆಯೇ ನಂಬಿದಂತೆ ನಡೆದುಕೊಂಡೆ.

ಅಂಗಳದಲ್ಲಿ ಕಂಡ ಅನ್ಯಾಯವನ್ನು ನಾನು ಬಿಡಲಿಲ್ಲ. ಬಿಚ್ಚುವುದಾದರೆ ಎಲ್ಲರದನ್ನೂ, ಗೌಡರದನ್ನು ಮೊದಲುಮಾಡಿ, ಅದೂ ಚಾಪೆಯ ಮೇಲೆ ಬಿಚ್ಚಬೇಕು ಎಂದು ಎರಡು ಸುಗ್ಗಿ ವಾದಿಸಿದೆ. ಕೆಲವರ ಜೊತೆ ಮಾತು ಬಿಟ್ಟುಹೋಯಿತು. ಕೊನೆಗೆ ಗೌಡರೇ ತಮ್ಮ ಹೊರೆಯ ಕಟ್ಟನ್ನು ತಾವೇ ಬಿಚ್ಚಿ ಹರವಿದ ಮೇಲೆ ಉಳಿದವರು ಸುಮ್ಮನಾದರು. ನಿಯಮ ಈಗ ನಿಜವಾಗಿ ನಿಯಮವಾಯಿತು. ಕೇರಿಯಿಂದ ಮಾತ್ರ ಒಂದು ಹೊರೆಯೂ ಬರಲಿಲ್ಲ. ಯಾರೂ ತಡೆದಿರಲಿಲ್ಲ, ತರುವವರಿರಲಿಲ್ಲ.

ಆ ಸುದ್ದಿ ಹೇಳಲೆಂದೇ ಒಂದು ಭಾನುವಾರ ಹಡಗಲಿಗೆ ಹೋದೆ. ಗೆಳೆಯ ಸಂತೆಗೆ ಹೋಗಿದ್ದ. ಬಾಡಿಗೆ ಮನೆಯ ಕಟ್ಟೆಯ ಮೇಲೆ ಅವಳು ನೆರೆಯ ಹೆಂಗಸರ ಜೊತೆ ಮಲ್ಲಿಗೆ ಮೊಗ್ಗು ಕಟ್ಟುತ್ತ ಕೂತಿದ್ದಳು. ನನ್ನನ್ನು ನೋಡಿ ಹಿಗ್ಗಿದಳು, ಒಳಗೆ ಕರೆದು ಚಹಾ ಕೊಟ್ಟಳು. ಮರಿ ಎಷ್ಟು ದೊಡ್ಡದಾಗಿದೆ, ತಾಯಿಯ ಕೆಮ್ಮು ಪೂರ್ತಿ ಹೋಯಿತೇ, ಮಳೆಯಲ್ಲಿ ಲಾಯ ಸೋರುವುದಿಲ್ಲವಲ್ಲ ಎಂದು ಒಂದೊಂದಾಗಿ ಕೇಳಿದಳು. ಎಲ್ಲಕ್ಕೂ ಉತ್ತರ ಹೇಳಿ, ಈಗ ಗೌಡರ ಹೊರೆಯನ್ನೂ ಬಿಚ್ಚಿ ನೋಡುತ್ತಾರೆ ಎಂಬುದನ್ನು ವಿವರವಾಗಿ ತಿಳಿಸಿದೆ. ಅವಳು ಗಮನವಿಟ್ಟು ಕೇಳಿದಳು.

“ಎಲ್ಲಾರದೂ ಬಿಚ್ತಾರಂದ್ರ ಕುದ್ರಿಗಿ ಚಲೋ ಆತು ಬಿಡು” ಎಂದಳು.

ಮುಂದಿನ ಸುಗ್ಗಿಗೆ ಒಂದು ಹೊರೆ ಕರಡ ತರುತ್ತೀಯಾ ಅವ್ವಾ ಎಂದು ಕೇಳಲು ನಾನು ಅಷ್ಟು ದೂರ ಹೋಗಿದ್ದೆ. ಬಸ್ಸಿನಲ್ಲಿ ಆ ಮಾತನ್ನು ಹೇಗೆ ಆರಂಭಿಸಬೇಕು, ಅವಳು ಬೇಡವೆಂದರೆ ಏನು ಹೇಳಬೇಕು ಎಂದೆಲ್ಲ ಜೋಡಿಸಿಕೊಂಡಿದ್ದೆ. ಅವಳು ಬಾಗಿಲ ಬೆಳಕಿಗೆ ಸರಿದು, ಮಡಿಲಿನಲ್ಲಿ ಉಳಿದಿದ್ದ ಮೊಗ್ಗುಗಳನ್ನು ಮತ್ತೆ ಕಟ್ಟತೊಡಗಿದಳು. ನಾನು ಕೇಳಲಿಲ್ಲ.